ನಾಕು ಇಂಜಿನ್ ಇದ್ರ ಬರ್ತೀನಿ

ತಂಗಿಯ ಹೆರಿಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಗುವುದೆಂದು ಗೊತ್ತಾದ ದಿನವೇ ಅವ್ವ ತಯಾರಿ ಶುರು ಮಾಡಿದಳು. ದೇವದುರ್ಗದ ಸೋದರಮಾವ ಅಂಟು, ಕೊಬ್ಬರಿ, ಅಳವಿ ತಂದಿಟ್ಟ. ತಕರಾರು ಬಂದದ್ದು ಅಪ್ಪನಿಂದ.

ನಮಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಎಂದರೆ ಹೈದರಾಬಾದ್. ರಾಯಚೂರಿನಿಂದ ಸುಮಾರು ಇನ್ನೂರು ಕಿಲೊಮೀಟರ್. ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವೂ ಇದೆ, ಬೋಯಿಂಗ್ 787. ಟಿಕೆಟ್ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ಕೇಳಿದ್ದು ಒಂದೇ ಮಾತು: “ಇಂಜಿನ್ ಎಷ್ಟು ಅದಾವ?”

“ಎರಡು.”

“ಬೆಂಗಳೂರಿಂದ ಜಂಬೊ ಹೋಗತೈತಂತಲ್ಲ, ಅದಕ್ಕ ನಾಕು ಅದಾವ. ನಾಕು ಇಂಜಿನ್ ಇದ್ರ ಬರ್ತೀನಿ. ಇಲ್ಲಂದ್ರ ನಿಮ್ಮವ್ವ ಒಬ್ಬಾಕೀನ ಹೋಗ್ಲಿ.”

ಅಪ್ಪ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮೆಕ್ಯಾನಿಕ್. ಬೆಳಿಗ್ಗೆ ರಾಯಚೂರು ಬಸ್ ಸ್ಟ್ಯಾಂಡ್‌ನಿಂದ ಹೋದರೆ ಬರುತ್ತಿದ್ದದ್ದು ರಾತ್ರಿ. ಇಂಜಿನ್ ವಿಷಯದಲ್ಲಿ ನನ್ನಂಥ ಎಂಜಿನಿಯರ್‌ನ ಮಾತು ಅವರ ಮುಂದೆ ನಡೆಯುವುದಿಲ್ಲ.

ಅದೇ ಹೊತ್ತಿಗೆ ಆ ವಿಡಿಯೊ ಬಂತು. 2024ರ ಏಪ್ರಿಲ್ 22ರಂದು ಏರ್ ಇಂಡಿಯಾದ ಕೊನೆಯ ಜಂಬೊ ‘ಆಗ್ರಾ’ ಮುಂಬೈನಿಂದ ಹೊರಟಿತು. 1971ರಲ್ಲಿ ‘ಎಂಪರರ್ ಅಶೋಕ’ ಬಂದಾಗ ಶುರುವಾದ ಕಥೆ ಅಲ್ಲಿಗೆ ಮುಗಿಯಿತು. ಅಮೆರಿಕದ ಕಂಪನಿಯೊಂದು ಬಿಡಿಭಾಗಗಳಿಗಾಗಿ ಅದನ್ನು ಕೊಂಡಿತ್ತು. ಮೇಲೇರಿದ ವಿಮಾನ ಎಡಕ್ಕೂ ಬಲಕ್ಕೂ ವಾಲಿ, ರೆಕ್ಕೆ ಬೀಸಿ, ಹೋಗಿಬರ್ತೀನಿ ಅಂದಂತೆ ಮಾಡಿ ಹೋಯಿತು. ಅಪ್ಪ ನನ್ನ ಮೊಬೈಲ್ ಇಸಿದುಕೊಂಡು ಅದನ್ನು ಮತ್ತೆ ಮತ್ತೆ ನೋಡಿದರು. “ಚಲೋ ಓಡತೈತಲ್ಲೋ ಇನ್ನೂ. ಯಾಕ ತಗದ್ರು?”

ನಾನು ಪಾಠ ಶುರು ಮಾಡಿದೆ. ಮೊದಲ ಜಂಬೊ ಹಾರಿದ್ದು 1969ರಲ್ಲಿ. ಆಗಿನ ಒಂದು ಇಂಜಿನ್ನಿನ ನೂಕುಬಲ ಸುಮಾರು 20 ಟನ್. ಅಷ್ಟು ದೊಡ್ಡ ವಿಮಾನ ಎತ್ತಲು ನಾಲ್ಕು ಬೇಕೇಬೇಕಿತ್ತು. ಆಮೇಲೆ ಬಂದ ಬೋಯಿಂಗ್ 777ರ ದೊಡ್ಡ ಮಾದರಿಯಲ್ಲಿ ಒಂದೇ ಇಂಜಿನ್ 52 ಟನ್ ನೂಕುತ್ತದೆ. ಎರಡೇ ಸಾಕು. ಹಿಂದೆ ಎರಡು ಇಂಜಿನ್ನಿನ ವಿಮಾನ ಸಮುದ್ರದ ಮೇಲೆ ದೂರ ಹೋಗುವಂತಿರಲಿಲ್ಲ. ಒಂದು ಇಂಜಿನ್ ನಿಂತರೂ ಅರವತ್ತು ನಿಮಿಷದೊಳಗೆ ಇಳಿಯಲು ನಿಲ್ದಾಣ ಇರಬೇಕಿತ್ತು. ಇಂಜಿನ್‌ಗಳು ಕೆಡುವುದು ಕಡಿಮೆಯಾದಂತೆ, 1985ರಲ್ಲಿ ಅದನ್ನು 120 ನಿಮಿಷ ಮಾಡಿದರು, ಮುಂದೆ ಇನ್ನೂ ಹೆಚ್ಚಿಸಿದರು. ನಾಲ್ಕು ಇಂಜಿನ್ ಎಂದರೆ ಎಣ್ಣೆ ಜಾಸ್ತಿ, ರಿಪೇರಿ ಜಾಸ್ತಿ. ಬ್ರಿಟಿಷ್ ಏರ್‌ವೇಸ್ 2020ರಲ್ಲೇ ಜಂಬೊ ಬಿಟ್ಟಿತು. ಬೋಯಿಂಗ್ 1,574ನೆಯದನ್ನು 2023ರ ಜನವರಿಯಲ್ಲಿ ಕೊಟ್ಟು ತಯಾರಿಕೆಯನ್ನೇ ಮುಗಿಸಿತು.

ಅಪ್ಪ ಅಲುಗಾಡಲಿಲ್ಲ. ಕೊನೆಗೆ ನನ್ನ ಹತ್ತಿರ ಇದ್ದ ದೊಡ್ಡ ಅಸ್ತ್ರ ಬಿಟ್ಟೆ. 1982ರಲ್ಲಿ ಜಾವಾ ಹತ್ತಿರ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಜಂಬೊ ಒಂದರ ನಾಲ್ಕೂ ಇಂಜಿನ್ ನಿಂತುಹೋಗಿದ್ದವು. ಬೂದಿಯಿಂದ ಕೆಳಗಿಳಿದ ಮೇಲೆ ಮತ್ತೆ ಚಾಲೂ ಆಗಿ, ಜಕಾರ್ತದಲ್ಲಿ ಇಳಿಯಿತು. ಯಾರೂ ಸಾಯಲಿಲ್ಲ.

ಅಪ್ಪ ನಕ್ಕರು. “ಅದು ನನಗ ಗೊತ್ತಿಲ್ಲೇನು? ಡೀಸೆಲ್‌ನ್ಯಾಗ ನೀರು ಸೇರಿದ್ರ ನಾಕಲ್ಲ, ನಲವತ್ತು ಇಂಜಿನ್ ಇದ್ರೂ ನಿಂದರ್ತಾವ. ಇಂಜಿನ್ ಎಣಿಸೋದಲ್ಲೋ, ಅದನ್ನ ನೋಡ್ಕೊಳ್ಳೋ ಮನಷ್ಯಾ ಮುಖ್ಯ.”

“ಮತ್ತ ಯಾಕ ಹಟ?”

ಉತ್ತರ ಬರಲಿಲ್ಲ. ಆ ರಾತ್ರಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಇಬ್ಬರೇ ಮಲಗಿದ್ದೆವು. ಬಹಳ ಹೊತ್ತಿನ ಮೇಲೆ ಅಂದರು: “ನಿಮ್ಮವ್ವಗ ಅಲ್ಲಿ ಕೆಲಸ ಐತಿ. ಕೂಸಿಗೆ ನೀರು ಹಾಕತಾಳ, ಬಾಣಂತಿಗೆ ಅಡಗಿ ಮಾಡತಾಳ. ಮೂರು ತಿಂಗಳು ನಾ ಏನ್ ಮಾಡ್ಲಿ ತಮ್ಮಾ? ಭಾಷೆ ಬರಂಗಿಲ್ಲ. ಕಿಟಕಿ ಮುಂದ ಕುಂತಗೊಂಡು ಮತ್ತೊಬ್ಬರಿಗೆ ಭಾರ ಆಗಬೇಕು.”

ಆಗ ನನಗೆ ಆರು ವರ್ಷದ ಹಿಂದಿನ ದಿನ ನೆನಪಾಯಿತು. ಗಿರಣಿಗೆ ಹೊಸ ಯಂತ್ರ ಬಂತು. ಅದನ್ನು ನೋಡಿಕೊಳ್ಳಲು ಕಂಪನಿಯ ಹುಡುಗರೇ ಬಂದರು. “ಇನ್ನ ಆರಾಮ ಇರ್ರಿ” ಎಂದು ಶಾಲು ಹೊದಿಸಿ ಕಳಿಸಿದರು. ಅಪ್ಪ ಮನೆಗೆ ಬಂದು ಶಾಲು ಮಡಚಿ ಟ್ರಂಕಿನಲ್ಲಿಟ್ಟು, ಮರುದಿನ ಐದಕ್ಕೇ ಎದ್ದು ಸ್ನಾನ ಮಾಡಿ ಸುಮ್ಮನೆ ಕೂತಿದ್ದರು. ನಾನು ಅದನ್ನು ಬೆಂಗಳೂರಿನಿಂದ ಫೋನಿನಲ್ಲಿ ಕೇಳಿ, “ಒಳ್ಳೇದಾತು ಬಿಡ್ರಿ, ರೆಸ್ಟ್ ತಗೋರಿ” ಅಂದಿದ್ದೆ. ಆ ವಿಡಿಯೊದಲ್ಲಿ ಅಪ್ಪ ಏನು ನೋಡುತ್ತಿದ್ದರೆಂದು ಈಗ ತಿಳಿಯಿತು. ನಾನು ಟನ್ ಲೆಕ್ಕ ಹೇಳುತ್ತ ಕೂತಿದ್ದೆ.

ಮರುದಿನ ತಂಗಿಗೆ ಎಲ್ಲ ಹೇಳಿದೆ. ಅವಳು ಅಪ್ಪನಿಗೆ ಬುದ್ಧಿ ಹೇಳಲಿಲ್ಲ. ಸಂಜೆ ವಿಡಿಯೊ ಕಾಲ್ ಮಾಡಿ ಗೋಡೆಗೆ ಒರಗಿಸಿದ್ದ ಒಂದು ಡಬ್ಬಿ ತೋರಿಸಿದಳು. “ಅಪ್ಪಾ, ಕೂಸಿನ ತೊಟ್ಟಿಲ ಬಂದೈತಿ. ಎಲ್ಲ ಬಿಡಿಬಿಡಿ ಅದಾವ. ನಿಮ್ಮ ಅಳಿಯಗ ಸ್ಕ್ರೂ ತಿರುವಾಕ ಸೈತ ಬರಂಗಿಲ್ಲ. ಅಡಗಿಮನಿ ನಳಾನೂ ಸೋರತೈತಿ. ಇಲ್ಲಿ ಪ್ಲಂಬರ್ ಕರಸಿದ್ರ ಪಗಾರ ಅರ್ಧ ಹೋಗತೈತಿ.”

ಅಪ್ಪ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು. “ನಟ್ಟು ಯಾವ ಸೈಜಿನವು ಅದಾವ ನೋಡು.”

ಜುಲೈನಲ್ಲಿ ಹೈದರಾಬಾದಿನಿಂದಲೇ ಹೊರಟರು. ಅಂಟಿನುಂಡಿ ಡಬ್ಬಿಯ ಪಕ್ಕ, ಚೆಕ್‌ಇನ್ ಬ್ಯಾಗಿನಲ್ಲಿ, ಹಳೆಯ ಧೋತ್ರದಲ್ಲಿ ಸುತ್ತಿದ ಸ್ಪಾನರ್ ಸೆಟ್. ತೂಕ ಮೀರಿತೆಂದು ಅವ್ವ ಒಂದು ಕಿಲೊ ಜೋಳದ ಹಿಟ್ಟು ತೆಗೆದಳು, ಅಪ್ಪ ಒಂದು ಸ್ಪಾನರ್ ಕೂಡ ತೆಗೆಯಲಿಲ್ಲ.

ಮುಟ್ಟಿದ ಮೇಲೆ ಫೋನ್ ಮಾಡಿದರು.

“ಹೆಂಗಿತ್ತಪ್ಪಾ?”

“ಎರಡೂ ಓಡಿದ್ವು,” ಅಂದರು. “ಆಮೇಲೆ ಮಾತಾಡ್ತೀನಿ ಇಡು. ನಳ ಬಿಚ್ಚೀನಿ, ನೀರು ಬಂದ್ ಮಾಡೀವಿ.”