ಕೇಳಿದ್ದು ಹೋಯಿತು, ಕೇಳದ್ದು ಉಳಿಯಿತು

ಬಾಂದ್ರಾದಲ್ಲಿ ‘ಜಾಗವಿಲ್ಲ’ ಎಂಬ ಮಾತು ಯಾರಿಗೂ ಹೊಸದಲ್ಲ. ಚರ್ಚ್‌ಗೇಟಿಗೆ ಹೋಗುವ ಲೋಕಲ್ಲಿನಲ್ಲಿ ಜಾಗವಿಲ್ಲ. ಖೇರ್‌ವಾಡಿಯ ನಮ್ಮ ಒನ್ ರೂಮ್ ಕಿಚನ್ನಿನಲ್ಲಿ ಜಾಗವಿಲ್ಲ. ಊರಿನಿಂದ ಬಂದ ನೆಂಟರು ರಾತ್ರಿ ಕಾಲು ಚಾಚಿದರೆ ಅಡಿಗೆಮನೆಯ ಬಾಗಿಲು ಮುಚ್ಚುವುದಕ್ಕೂ ಜಾಗವಿಲ್ಲ. ಆದರೆ ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಲ್ಯಾಪ್‌ಟಾಪೂ ಅದೇ ಮಾತನ್ನು ಹೇಳಿದಾಗ ನಮಗೆ ಸ್ವಲ್ಪ ಅವಮಾನವೇ ಆಯಿತು. ಊರಿನಲ್ಲಿ ಅಣ್ಣ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಫೋಟೋಗಳನ್ನು ಕಳಿಸಿದ್ದ. ಇಳಿಸಿಕೊಳ್ಳಹೋದರೆ ಡಿಸ್ಕ್ ತುಂಬಿದೆ ಎಂದು ಅದು ಹಟ ಹಿಡಿಯಿತು. ಇಷ್ಟು ದೊಡ್ಡ ಸಂಸಾರ ಅದರೊಳಗೆ ಯಾವಾಗ ಬೆಳೆಯಿತು ಎಂದು ಹುಡುಕಿದಾಗ ಸಿಕ್ಕಿದ್ದು ಪಾಡ್‌ಕಾಸ್ಟುಗಳು.

ಪಾಡ್‌ಕಾಸ್ಟ್ ಎಂದರೆ ಬೇಕಾದಾಗ ಕೇಳುವ ರೇಡಿಯೋ ಎನ್ನಬಹುದು. ಆ ಪದವನ್ನು 2004ರಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬೆನ್ ಹ್ಯಾಮರ್‌ಸ್ಲಿ ಎಂಬವರು ಬಳಕೆಗೆ ತಂದರು. ಆಪಲ್ ಕಂಪನಿ 2005ರ ಜೂನ್‌ನಲ್ಲಿ ಅದನ್ನು ತನ್ನ ಐಟ್ಯೂನ್ಸ್‌ಗೆ ಸೇರಿಸಿದ ಮೇಲೆ ಲೋಕವೆಲ್ಲ ಹಬ್ಬಿತು. ಐಪಾಡ್‌ನ ಹೆಸರಿನಿಂದ ಹುಟ್ಟಿದ ಮಾತು. 2022ರಲ್ಲಿ ಐಪಾಡೇ ನಿಂತುಹೋಯಿತು, ಹೆಸರು ಮಾತ್ರ ಉಳಿಯಿತು. ಕನ್ನಡದಲ್ಲಿಯೂ ‘ತಲೆ-ಹರಟೆ’ಯಂಥವು ಬಂದಿವೆ. ಒಮ್ಮೆ ಚಂದಾದಾರರಾದರೆ ಸಾಕು, ನಮ್ಮ ಮೀಡಿಯಾ ಪ್ಲೇಯರು ಗಂಟೆಗೋ ದಿನಕ್ಕೋ ಒಂದು ಸಲ ಅವರ ‘ಫೀಡ್’ ಎಂಬ ಪಟ್ಟಿಯನ್ನು ನೋಡಿ ಬರುತ್ತದೆ. ನಮ್ಮ ಕಚೇರಿಯ ಇನ್‌ವರ್ಡ್ ರಿಜಿಸ್ಟರಿನಂಥ ಪಟ್ಟಿ ಅದು. ಹೊಸ ಕಂತು ನಮೂದಾಗಿದ್ದರೆ ಕೇಳದೆಯೇ ಹೊತ್ತು ತಂದು ಹಾಕುತ್ತದೆ. ಇಷ್ಟು ನಿಷ್ಠೆಯ ಜವಾನರನ್ನು ನಾವು ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಕಂಡಿಲ್ಲ.

ನಾವು ಚಂದಾದಾರರಾದದ್ದು ನಲವತ್ತಕ್ಕೆ. (ಇಲ್ಲಿ ‘ನಾವು’ ಎಂದರೆ ನಾವೊಬ್ಬರೇ. ಮನೆಯಲ್ಲಿ ಈ ಹವ್ಯಾಸವನ್ನು ಒಪ್ಪಿದವರು ಬೇರೆ ಯಾರೂ ಇರಲಿಲ್ಲ.) ಖಗೋಳಶಾಸ್ತ್ರ, ಭೌತಶಾಸ್ತ್ರ, ಗಣಿತದ ಇತಿಹಾಸ, ಷೇರು ಪೇಟೆ. ಬಿ.ಎಸ್ಸಿ. ಓದಿ ಫೈಲು ತಿರುವಿದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಲೋಕಲ್ಲಿನಲ್ಲಿ ದಿನಕ್ಕೊಂದು ಕೇಳುವ ಸಂಕಲ್ಪ ಮಾಡಿದ್ದೆವು. ಕೇಳಿದ್ದು ನಾಲ್ಕೋ ಐದೋ. ಮಾಹಿಮ್ ಖಾರಿ ದಾಟುವಷ್ಟರಲ್ಲಿ ನಿದ್ದೆ ಬರುತ್ತಿತ್ತು. ಸಾಮಾನ್ಯವಾಗಿ ಬಳಸುವ 128 ಕಿಲೋಬಿಟ್ ಲೆಕ್ಕದಲ್ಲಿ ಒಂದು ಗಂಟೆಯ ಮಾತಿಗೆ ಸುಮಾರು 57 ಮೆಗಾಬೈಟ್ ಬೇಕು. ಹಾಗೆ ಮುನ್ನೂರು ಕಂತು ಕೂಡಿದರೆ 17 ಗಿಗಾಬೈಟ್ ವಿದ್ಯೆ, ಅಷ್ಟೂ ಕಿವಿಗೆ ಬೀಳದೆ ನಮ್ಮ ಪೆಟ್ಟಿಗೆಯಲ್ಲಿ ಕೊಳೆಯುತ್ತಿತ್ತು.

ಎಲ್ಲವನ್ನೂ ಒಟ್ಟಿಗೆ ಆರಿಸಿ ‘ಡಿಲೀಟ್’ ಒತ್ತುವುದರಲ್ಲಿದ್ದೆವು. ಆಗ ಪಟ್ಟಿಯ ಕೊನೆಯಲ್ಲಿ ಕಂಡ ಒಂದು ಹೆಸರಿಗೆ ಕೈ ನಿಂತಿತು. ಅದನ್ನು ಹೇಳಬೇಕಾದರೆ ಅವ್ವನ ಸಂಗತಿ ಹೇಳಬೇಕು.

ಅಪ್ಪ ಹೋದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಗದಗ ಸೀಮೆಯ ದೊಡ್ಡ ಅಂಗಳದ ಮನೆಯಿಂದ ಬಂದವಳಿಗೆ ನಾಲ್ಕನೆಯ ಮಹಡಿಯ ಕಿಟಕಿಯೇ ಲೋಕವಾಯಿತು. ನೆರೆಯವರು ಒಳ್ಳೆಯವರು, ಆದರೆ ಮರಾಠಿ ಬಾರದ ಅವ್ವನಿಗೆ ಅವರೊಡನೆ ನಗುವುದೊಂದೇ ಭಾಷೆ. ನಾವು ಎಂಟೂವರೆಗೆ ಹೊರಟರೆ ಏಳಕ್ಕೆ ವಾಪಸು, ನಮ್ಮಾಕೆಗೂ ಶಾಲೆಯ ಕೆಲಸ, ಮಗಳಿಗೆ ಕ್ಲಾಸು. ಊರಲ್ಲಿದ್ದಾಗ ಧಾರವಾಡ ಆಕಾಶವಾಣಿ ಅವ್ವನಿಗೆ ಮನೆಯ ಮಂದಿಯಂತೆಯೇ ಇತ್ತು. ಇಲ್ಲಿ ಏನು ಹಚ್ಚಿಕೊಡುವುದು ಎಂದು ಹುಡುಕುತ್ತಿದ್ದಾಗ, ನಮ್ಮ ಕಡೆಯ ನಿವೃತ್ತ ಮಾಸ್ತರರೊಬ್ಬರು ಕುಮಾರವ್ಯಾಸ ಭಾರತವನ್ನು ವಾರಕ್ಕೊಂದು ಸಂಧಿಯಂತೆ ವಾಚನ ಮಾಡುವುದೂ, ಅವರ ಮೊಮ್ಮಗ ಅದನ್ನು ಪಾಡ್‌ಕಾಸ್ಟಾಗಿ ಹಾಕುವುದೂ ತಿಳಿಯಿತು. ಆಗಲೇ 23 ಸಂಧಿ ಬಂದಿದ್ದವು. ಅಷ್ಟನ್ನೂ ಲ್ಯಾಪ್‌ಟಾಪಿಗೆ ಇಳಿಸಿದೆವು. ಆದರೆ ಅವ್ವನಿಗೆ ಲ್ಯಾಪ್‌ಟಾಪ್ ಮುಟ್ಟಲು ಭಯ. ಹಾಗಾಗಿ ನಮ್ಮ ಹಳೆಯ ಫೋನನ್ನೇ ಅವಳ ರೇಡಿಯೋ ಮಾಡಿ, ಅದರಲ್ಲಿ ಮೊದಲಿನಿಂದ ಶುರುಮಾಡಿಸಿದೆವು.

ಆ ಫೋನಿನಲ್ಲಿ ಜಾಗ ಕಡಿಮೆ. ಆದ್ದರಿಂದ ಬಹಳ ಜಾಣತನದಿಂದ ಎರಡು ನಿಯಮ ಹಾಕಿದೆವು: ರಾತ್ರಿ ವೈಫೈ ಇದ್ದಾಗ ಹೊಸದನ್ನು ತಾನೇ ಇಳಿಸಬೇಕು, ಕೇಳಿ ಮುಗಿದದ್ದನ್ನು ಒಂದು ದಿನದ ಮೇಲೆ ತಾನೇ ಅಳಿಸಬೇಕು. ವ್ಯವಸ್ಥೆ ಗಡಿಯಾರದಂತೆ ನಡೆಯಿತು. ಬೆಳಗಿನ ಭಕ್ಕರಿ ಬಡಿಯುವ ಹೊತ್ತಿಗೆ ಮಾಸ್ತರರ ದನಿ ಅಡಿಗೆಮನೆಯಿಂದ ಕೇಳುತ್ತಿತ್ತು. ಮಾಸ್ತರರು ಪದ್ಯ ಹಾಡಿ, ನಡುವೆ ನಮ್ಮೂರ ಮಾತಿನಲ್ಲಿಯೇ ಅರ್ಥ ಹೇಳಿ, ಒಮ್ಮೊಮ್ಮೆ ಕೆಮ್ಮಿ, ನೀರು ಕುಡಿದು ಮುಂದುವರಿಸುತ್ತಿದ್ದರು. ಆ ಕೆಮ್ಮಿಗೂ ಅವ್ವ “ಹುಷಾರ್ರೀ ಮಾಸ್ತರ” ಎನ್ನುತ್ತಿದ್ದಳು. ಭಾರತದಲ್ಲಿ ನೂರೈವತ್ತರ ಆಸುಪಾಸು ಸಂಧಿಗಳು. ವಾರಕ್ಕೊಂದೆಂದರೆ ಮೂರು ವರ್ಷದ ಕೆಲಸ. ಉದ್ಯೋಗಪರ್ವದ ನಡುವೆ ಕಂತುಗಳು ನಿಂತವು. ಎರಡು ವಾರ ಕಾದು ವಿಚಾರಿಸಿದಾಗ ಮಾಸ್ತರರು ತೀರಿಕೊಂಡ ಸುದ್ದಿ ಬಂತು.

ಅವ್ವ ಆ ದಿನ ಏನೂ ಹೇಳಲಿಲ್ಲ. ಕೊನೆಯ ಎರಡು ಸಂಧಿ ಕೇಳುವುದು ಬಾಕಿಯಿತ್ತು, ಅವನ್ನು ಹಚ್ಚಗೊಡಲಿಲ್ಲ. “ಇರ್ಲಿ ಬಿಡು, ಅವಸರ ಏನೈತಿ” ಎಂದಳು.

ಮುಂದೆ ಆರು ತಿಂಗಳಾಗಿರಬೇಕು. ಜೂನ್ ಮುಗಿಯುತ್ತ ಬಂದರೂ ಊರಿನಲ್ಲಿ ಮಳೆಯಿಲ್ಲವೆಂದು ಅಣ್ಣನ ಫೋನು ಬಂತು. ಮಳೆ ಹೋದರೆ ವಿರಾಟಪರ್ವ ಓದಿಸುವುದು ನಮ್ಮ ಕಡೆಯ ಹಳೆಯ ವಾಡಿಕೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. “ತಮ್ಮಾ, ಊರಾಗ ಮಳಿ ಇಲ್ಲಂತ. ಮಾಸ್ತರದು ವಿರಾಟಪರ್ವ ಹಚ್ಚು” ಎಂದಳು ಅವ್ವ. ನಮ್ಮಾಕೆ ಗಾಬರಿಯಾದಳು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಸೊಂಟಮಟ್ಟ ನೀರಿನಲ್ಲಿ ನಿಂತು ನೋಡಿದವಳು. “ಊರಿನ ಮಳೆಗೆ ಊರಲ್ಲೇ ಓದಿಸಲಿ, ಬಾಂದ್ರಾದಲ್ಲಿ ಬೇಡ” ಎಂದಳು. ನಾವು ನಗುತ್ತ ಫೋನು ತೆಗೆದೆವು. ವಿರಾಟಪರ್ವವಿರಲಿಲ್ಲ. ಮತ್ತೆ ಇಳಿಸೋಣವೆಂದರೆ ಫೀಡೇ ಇರಲಿಲ್ಲ. ಧ್ವನಿ ಇಟ್ಟಿದ್ದ ಜಾಗಕ್ಕೆ ವರ್ಷದ ಬಾಡಿಗೆ ಕಟ್ಟುವವರಿಲ್ಲದೆ ಅದು ಮುಚ್ಚಿಹೋಗಿತ್ತು.

ಫೋನಿನಲ್ಲಿ ಉಳಿದದ್ದು ಅವ್ವ ಕೇಳದೆ ಬಿಟ್ಟ ಆ ಎರಡು ಸಂಧಿ ಮಾತ್ರ.

“ಅವು ಕೇಳಿ ಆಗಿದ್ವಲ್ಲವ್ವಾ, ಅದಕ್ಕ ತಾನ ಅಳಿಸೇತಿ” ಎಂದೆವು.

“ಕೇಳಿದ್ರ ಮುಗೀತೇನು? ನಿನ್ನೆ ಉಂಡೀವಂತ ಇವತ್ತ ಒಲಿ ಹಚ್ಚೂದು ಬಿಡ್ತೀವೇನು?”

ಉತ್ತರ ಕೊಡುವುದು ನಮಗೆ ಕಷ್ಟವಾಯಿತು, ಏಕೆಂದರೆ ಈ ವಿಷಯದಲ್ಲಿ ನಾವು ಸರ್ಕಾರದಿಂದ ಸಂಬಳ ಪಡೆಯುವ ಜನ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಲಸ ಮುಗಿದ ಫೈಲಿಗೆ ವರ್ಗ ಬರೆಯಬೇಕು. ‘ಎ’ ಎಂದರೆ ಶಾಶ್ವತವಾಗಿ ಇಟ್ಟು ಮೈಕ್ರೋಫಿಲ್ಮನ್ನೂ ತೆಗೆಯಬೇಕಾದದ್ದು, ‘ಬಿ’ ಎಂದರೆ ಮೈಕ್ರೋಫಿಲ್ಮಿಲ್ಲದೆ ಶಾಶ್ವತವಾಗಿ ಇಡಬೇಕಾದದ್ದು, ‘ಸಿ’ ಎಂದರೆ ಹೆಚ್ಚೆಂದರೆ ಹತ್ತು ವರ್ಷ ಇಡಬೇಕಾದದ್ದು. ಅವಧಿ ಮುಗಿದ ಮೇಲೂ ಒಬ್ಬರು ತೆರೆದು ನೋಡಿ ಸಹಿ ಮಾಡದೆ ಒಂದು ಹಾಳೆಯನ್ನೂ ಹರಿಯುವಂತಿಲ್ಲ. ಯಾರೋ ಓದಿ ಮುಗಿಸಿದರು ಎಂಬ ಕಾರಣಕ್ಕೆ ಫೈಲನ್ನು ಮರುದಿನವೇ ಹರಿದುಹಾಕುವ ಕಾನೂನು ನಮ್ಮ ಸೆಕ್ಷನ್ನಿನಲ್ಲಿ ಬಂದಿದ್ದರೆ ನಾವೇ ಮೊದಲು ನೋಟ್ ಬರೆದು ವಿರೋಧಿಸುತ್ತಿದ್ದೆವು. ಅದೇ ಕಾನೂನನ್ನು ಅವ್ವನ ಫೋನಿಗೆ ನಾವೇ ಹಾಕಿದ್ದೆವು. ರೇಡಿಯೋದಲ್ಲಿ ಬಂದದ್ದು ಗಾಳಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ದೂರಲಿಲ್ಲ. ಇದು ಒಮ್ಮೆ ಕೈಯಲ್ಲಿದ್ದದ್ದು.

ಇದಾದ ಎರಡು ವಾರಕ್ಕೆ ಲ್ಯಾಪ್‌ಟಾಪ್ ಹೇಳಿತು, ಜಾಗವಿಲ್ಲವೆಂದು. ಪಟ್ಟಿಯ ಕೊನೆಯಲ್ಲಿದ್ದ ಹೆಸರು ಮಾಸ್ತರರದು. ಮೊದಲು ಇಳಿಸಿದ ಆ 23 ಸಂಧಿಗಳು ಹಾಗೆಯೇ ಕೂತಿದ್ದವು. ಅದರಲ್ಲಿಯೂ ‘ಕೇಳಿದ್ದನ್ನು ಅಳಿಸು’ ಎಂಬ ನಿಯಮವಿತ್ತು, ಆದರೆ ಅಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಅಳಿಸಿರಲಿಲ್ಲ. ಬಹಳ ದಿನ ಕೇಳುವವರಿಲ್ಲದಿದ್ದರೆ ಹೊಸದನ್ನು ತರುವುದನ್ನೂ ನಿಲ್ಲಿಸುವ ಪದ್ಧತಿ ಇಂಥ ಕೆಲವು ಪ್ಲೇಯರುಗಳಲ್ಲಿದೆ. ಆದ್ದರಿಂದ 24ನೆಯದರಿಂದ ಮುಂದಿನದು ಅಲ್ಲಿಗೆ ಬಂದೇ ಇರಲಿಲ್ಲ. ನಮ್ಮ ಸೋಮಾರಿತನದಿಂದ ಆದಿಪರ್ವವೂ ಸಭಾಪರ್ವದ ಆರಂಭವೂ ಬದುಕಿದ್ದವು. ಷೇರು ಪೇಟೆಯನ್ನೂ ಖಗೋಳವನ್ನೂ ಅಳಿಸಿ ಅಣ್ಣನ ಫೋಟೋಗೆ ಜಾಗ ಮಾಡಿದೆವು. ಮಾಸ್ತರರನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಒಂದರ ಮೇಲೆ ‘ಎ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದೆವು. ಅವ್ವನ ಫೋನಿನ ಎರಡನೆಯ ನಿಯಮವನ್ನು ತೆಗೆದುಹಾಕಿದೆವು.

ಮೊಮ್ಮಗನಿಗೂ ಬರೆದೆವು. ಅವನ ಕಂಪ್ಯೂಟರು ಕೆಟ್ಟು ಬಹುಪಾಲು ಹೋಗಿತ್ತು. ಹಳೆಯ ಫೋನೊಂದರಲ್ಲಿ ಅರಣ್ಯಪರ್ವದ ರೆಕಾರ್ಡಿಂಗ್ ಇತ್ತೆಂದು ಹುಡುಕಿ, ದೀಪಾವಳಿಗೆ ಮುಂಬಯಿಗೆ ಬರುವವರ ಕೈಯಲ್ಲಿ ಕಳಿಸಿದ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಜಾವ ನಿಂತು, ಖಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿಯೊಡನೆ ಅದನ್ನು ಇಸಿದುಕೊಂಡೆವು. ಅದರಲ್ಲಿ ಕತ್ತರಿಸದ ರೆಕಾರ್ಡಿಂಗಾದ್ದರಿಂದ, ಮಾಸ್ತರರು ಮೊಮ್ಮಗನನ್ನು “ಹಚ್ಚಿಯೇನೋ?” ಎಂದು ಕೇಳುವುದೂ ಇದೆ. ಅವ್ವನಿಗೆ ಅದು ಭಾರತಕ್ಕಿಂತ ಮೇಲಾಗಿ ಹಿಡಿಸಿದೆ. ಕೊನೆಯ ಎರಡು ಸಂಧಿ ಮಾತ್ರ ಇನ್ನೂ ಹಚ್ಚಗೊಟ್ಟಿಲ್ಲ.

ಈಗ ನಮ್ಮಲ್ಲಿ ಇಲ್ಲದಿರುವುದು 24ರಿಂದ ಮುಂದಿನ ಸಭಾಪರ್ವ, ವಿರಾಟಪರ್ವ ಪೂರ್ತಿ, ಉದ್ಯೋಗಪರ್ವದ ಮೊದಲ ಭಾಗ. ನಮ್ಮ ಸಂಘದ ಸದಸ್ಯರಲ್ಲಿ ಗದಗ, ಧಾರವಾಡ ಕಡೆಯವರು ಹಲವರಿದ್ದಾರೆ. ಯಾರಾದರೂ ಉತ್ಸಾಹದಿಂದ ಈ ವಾಚನಕ್ಕೆ ಚಂದಾದಾರರಾಗಿ, ಆಮೇಲೆ ಕೇಳದೆ ಬಿಟ್ಟಿರಬಹುದು. ಅಂಥವರ ಫೋನಿನಲ್ಲಿಯೇ ಅವು ಸಿಕ್ಕುವ ಸಂಭವ ಹೆಚ್ಚು. ಆದ್ದರಿಂದ ಸಂಕೋಚ ಬೇಡ. ‘ಡೌನ್‌ಲೋಡ್ಸ್’ ಎಂಬಲ್ಲಿ ಒಮ್ಮೆ ನೋಡಿ, ಸಂಘದ ಕಚೇರಿಗೆ ಒಂದು ಮಾತು ತಿಳಿಸಿದರೆ ಸಾಕು, ಬೊರಿವಲಿಯಾದರೂ ಡೊಂಬಿವಲಿಯಾದರೂ ರವಿವಾರ ನಾವೇ ಪೆನ್‌ಡ್ರೈವ್ ತೆಗೆದುಕೊಂಡು ಬರುತ್ತೇವೆ. ಅಲ್ಲಿಯವರೆಗೆ ದಯವಿಟ್ಟು ಕೇಳಬೇಡಿ. ಕೇಳಲೇಬೇಕಾದರೆ ಮೊದಲು ಸೆಟ್ಟಿಂಗ್ಸ್ ನೋಡಿ ಕೇಳಿ.