ಬಲಕ್ಕೆ ಕಾಣುವ ಹಡಗು

ಕಡಲಲ್ಲಿ ಎರಡು ಯಂತ್ರಚಾಲಿತ ಹಡಗುಗಳು ಒಂದಕ್ಕೊಂದು ಅಡ್ಡವಾಗಿ ಬರುತ್ತಿವೆ. ಹೀಗೇ ಸಾಗಿದರೆ ಡಿಕ್ಕಿಯಾಗುತ್ತದೆ. ದಾರಿ ಬಿಡಬೇಕಾದ್ದು ಯಾವುದು? ಹಡಗುಗಳ ಡಿಕ್ಕಿ ತಪ್ಪಿಸಲೆಂದು 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಾವಳಿಯ 15ನೇ ನಿಯಮ ಇದಕ್ಕೆ ಉತ್ತರ ಕೊಡುತ್ತದೆ: ಯಾವ ಹಡಗಿನ ಬಲಬದಿಗೆ ಇನ್ನೊಂದು ಹಡಗು ಇದೆಯೋ ಆ ಹಡಗು ದಾರಿ ಬಿಡಬೇಕು. ದೊಡ್ಡದೋ ಚಿಕ್ಕದೋ, ಯಾವ ದೇಶದ್ದೋ ಎಂಬ ಲೆಕ್ಕ ಅಲ್ಲಿಲ್ಲ. ಹೊಣೆ ಯಾರದೆಂದು ತೀರ್ಮಾನಿಸುವುದು ಇಂಗ್ಲಿಷ್ ವಾಕ್ಯದ ನಡುವೆ ‘ವಿಚ್’ ಎಂದು ಶುರುವಾಗುವ ಒಂದು ತುಂಡು. ವ್ಯಾಕರಣದಲ್ಲಿ ಅದಕ್ಕೆ ರಿಲೇಟಿವ್ ಕ್ಲಾಜ್ ಎಂದು ಹೆಸರು.

ವಿಶಾಖಪಟ್ಟಣದಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ಹುಡುಗರಿಗೆ ಈ ನಿಯಮ ಓದಿಸುತ್ತೇನೆ. ಎಲ್ಲರೂ ಹಡಗಿನ ಕೆಲಸಕ್ಕೆ ಹೊರಟವರು. ತೆಲುಗಿನವರೇ ಹೆಚ್ಚು, ಬಳ್ಳಾರಿ ಕಡೆಯ ಕನ್ನಡದ ಹುಡುಗನೊಬ್ಬನಿದ್ದಾನೆ. ನಿಯಮದ ಅರ್ಥವೇನೆಂದು ಕೇಳಿದಾಗ ಅವನು ಥಟ್ಟನೆ ಹೇಳಿದ: “ಬಲಕ್ಕೆ ಕಾಣುವ ಹಡಗು ದಾರಿ ಬಿಡಬೇಕು, ಮೇಡಂ.” ಪಕ್ಕದ ತೆಲುಗು ಹುಡುಗರೂ ತಲೆಯಾಡಿಸಿದರು. ಕನ್ನಡವಾಗಿ ಆ ವಾಕ್ಯದಲ್ಲಿ ಕುಂದಿಲ್ಲ. ಆದರೆ ಹೊಣೆ ಪೂರ್ತಿ ಎದುರು ಹಡಗಿನ ಮೇಲೆ ಹೋಯಿತು. ನಿಯಮ ಹೇಳುತ್ತಿರುವುದು ಬಲಕ್ಕೆ ಇನ್ನೊಂದನ್ನು ಕಾಣುವ ಹಡಗಿನ ಮಾತು. ಅವನು ಹೇಳಿದ್ದು ಬಲಕ್ಕೆ ಕಾಣಿಸಿಕೊಳ್ಳುವ ಹಡಗಿನ ಮಾತು.

ಇದನ್ನು ಹುಡುಗನ ಅಜಾಗರೂಕತೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಭಾಷೆಯ ರಚನೆಯೇ ಹಾಗಿದೆ. ಬಂದ ಹಡಗು, ಬರುವ ಹಡಗು, ಬಾರದ ಹಡಗು: ಶಾಲೆಯಲ್ಲಿ ಕಲಿತ ಈ ಕೃದಂತಗಳು ‘ಹೂ’, ‘ವಿಚ್’ ಯಾವುದರ ಹಂಗೂ ಇಲ್ಲದೆ ಕೆಲಸ ಮುಗಿಸುತ್ತವೆ. ತೆಲುಗಿನ ‘ವಚ್ಚಿನ ಓಡ’ ಕೂಡ ಇದೇ ಅಚ್ಚಿನದು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಈ ರೂಪಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ನಾವು ಹತ್ತಿದ ಹಡಗು, ನಾವು ಇಳಿದ ಹಡಗು, ನಾವು ಅದಿರು ತುಂಬಿದ ಹಡಗು ಎನ್ನುವಾಗ ಹಡಗನ್ನೋ, ಹಡಗಿನಿಂದಲೋ, ಹಡಗಿಗೋ ಎಂಬ ವಿಭಕ್ತಿ ಎಲ್ಲೂ ಕಾಣುವುದಿಲ್ಲ. ಕೇಳುವವನು ಸಂದರ್ಭದಿಂದ ತಿಳಿದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಮಾತ್ರ ‘ಫ್ರಮ್’, ‘ಇಂಟು’ಗಳನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ. ‘ದ ಶಿಪ್ ವಿಚ್ ವಿ ಗಾಟ್ ಡೌನ್’ ಎಂದು ಬರೆಯುವ ಹುಡುಗನ ತಲೆಯಲ್ಲಿರುವುದು ‘ನಾವು ಇಳಿದ ಹಡಗು’.

ಇನ್ನೊಂದು ಬಗೆಯ ತೊಡಕೂ ಇದೆ. ‘ಯಾವ ಹಡಗು ನಿನ್ನೆ ಬಂತೋ ಅದು’ ಎಂಬ ನಮ್ಮ ಮತ್ತೊಂದು ರಚನೆಯಿಂದ ‘ವಿಚ್ ಶಿಪ್ ಕೇಮ್ ಯೆಸ್ಟರ್‌ಡೇ, ದಟ್ ಶಿಪ್’ ಹುಟ್ಟುತ್ತದೆ. ಶಾಲೆಯಲ್ಲಿ ಇದಕ್ಕೆಲ್ಲ ಸಿಗುವ ಮದ್ದು ಒಂದೇ: ಎರಡು ವಾಕ್ಯ ಕೊಟ್ಟು ‘ಹೂ’ ಅಥವಾ ‘ವಿಚ್’ ಬಳಸಿ ಜೋಡಿಸಿರಿ ಎನ್ನುವ ಅಭ್ಯಾಸ. ಇದರಿಂದ ಹುಡುಗರು ಅಂಕ ತೆಗೆಯುತ್ತಾರೆ, ಭಾಷೆ ಬರುವುದಿಲ್ಲ. ಯಾರೂ ಎರಡು ವಾಕ್ಯ ಯೋಚಿಸಿ ಆಮೇಲೆ ಹೊಲಿಯುವುದಿಲ್ಲವಲ್ಲ.

ಹಾಗಾಗಿ ನಾನು ನಮ್ಮ ಕೃದಂತದಿಂದಲೇ ಪಾಠ ಶುರುಮಾಡುತ್ತೇನೆ. ‘ಇದೇ ಊರಿನ ಸಿಂಧಿಯಾ ಶಿಪ್‌ಯಾರ್ಡಿನಲ್ಲಿ ಕಟ್ಟಿದ, 1948ರಲ್ಲಿ ನೆಹರೂ ನೀರಿಗಿಳಿಸಿದ ಹಡಗು ಜಲ ಉಷಾ’ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ‘ಹಡಗು’ ಎಂಬ ಮಾತು ಬರುವ ತನಕ ಎಷ್ಟು ಸಂಗತಿಗಳನ್ನು ಕೈಯಲ್ಲಿ ಹಿಡಿದು ಕಾದಿದ್ದೇವೆ, ನೋಡಿ ಅನ್ನುತ್ತೇನೆ. ಇಂಗ್ಲಿಷ್ ಮೊದಲು ಹಡಗನ್ನು ಹೆಸರಿಸಿ, ಆಮೇಲೆ ಒಂದೊಂದಾಗಿ ವಿವರ ಬಿಚ್ಚುತ್ತದೆ. ‘ವಿಚ್’ ಕಂಡಕೂಡಲೇ ಹಿಂದಿನ ಹೆಸರಿಗೆ ಮರಳಬೇಕು, ಆ ಹಡಗು ಇಲ್ಲಿ ಮಾಡುವುದೋ ಮಾಡಿಸಿಕೊಳ್ಳುವುದೋ ಎಂದು ಕೇಳಬೇಕು. ಈ ಪ್ರಶ್ನೆ ರೂಢಿಯಾದ ಮೇಲೆ 15ನೇ ನಿಯಮ ತಾನಾಗಿ ತೆರೆದುಕೊಳ್ಳುತ್ತದೆ. ‘ವಿಚ್’ ನಂತರ ‘ಹ್ಯಾಸ್’ ಇದೆ. ಅಂದರೆ ಬಲಕ್ಕೆ ಇನ್ನೊಂದನ್ನು ಉಳ್ಳದ್ದು ಇದೇ ಹಡಗು, ದಾರಿ ಬಿಡಬೇಕಾದ್ದೂ ಇದೇ.

ಹಡಗಿನ ಮೇಲೆ ಆಡುವ ಇಂಗ್ಲಿಷಿಗೆ ಇಷ್ಟು ಕಷ್ಟವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಒಪ್ಪಿದ ಪ್ರಮಾಣಿತ ಮಾತುಗಳ ಪಟ್ಟಿ ಚಿಕ್ಕ ಚಿಕ್ಕ ವಾಕ್ಯಗಳದ್ದು, ನಿಜ. ರೇಡಿಯೋದಲ್ಲಿ ಎಚ್ಚರಿಕೆ ಕೊಡಲು ಅವು ಸಾಕು. ಆದರೆ ನಿಯಮ, ಒಪ್ಪಂದ, ಅಪಘಾತದ ವರದಿ ಇವೆಲ್ಲ ಉದ್ದ ವಾಕ್ಯಗಳಲ್ಲೇ ಇರುತ್ತವೆ, ಅಧಿಕಾರಿಯಾಗುವವನು ಓದದೆ ಗತಿಯಿಲ್ಲ. ‘ಜ್ವರ ಬಂದ ನಾವಿಕರನ್ನು ದಡಕ್ಕೆ ಇಳಿಸಿದರು’ ಎಂದು ಕನ್ನಡದಲ್ಲಿ ಬರೆದರೆ ಜ್ವರ ಬಂದದ್ದು ಎಲ್ಲರಿಗೋ ಕೆಲವರಿಗೋ ಹೇಳಲಾಗದು. ಇಂಗ್ಲಿಷಿನಲ್ಲಿ ‘ಹೂ’ ಹಿಂದೆ ಅಲ್ಪವಿರಾಮ ಇದ್ದರೆ ಎಲ್ಲರಿಗೂ ಜ್ವರ. ಇಲ್ಲದಿದ್ದರೆ ಕೆಲವರಿಗೆ ಮಾತ್ರ. ಹಡಗು ನಡೆಸಲು ಆಳು ಉಳಿದಿದ್ದಾರೋ ಇಲ್ಲವೋ ಎಂಬುದು ಆ ಚುಕ್ಕೆಬಾಲದಲ್ಲಿದೆ. ಇಂಥದ್ದನ್ನು ಕಲಿಸುವಾಗ ಅವಸರ ಮಾಡಬಾರದೆಂದು ನನ್ನ ಗಟ್ಟಿ ಅಭಿಪ್ರಾಯ.

ಹುಡುಗರ ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಬಳ್ಳಾರಿಯವನದೇ. ಅದೇ ನಿಯಮದಲ್ಲಿ ಹಡಗಿಗೆ ‘ವಿಚ್’ ಎಂದಿದೆ, ಅದರ ಬಲಬದಿ ಹೇಳುವಾಗ ‘ಹರ್’ ಎಂದಿದೆ. “ಹೆಂಗಸು ಅಂದಮೇಲೆ ‘ಹೂ’ ಬರಬೇಕಿತ್ತಲ್ಲ, ಮೇಡಂ?” ನಾವಿಕರು ಹಡಗನ್ನು ಅವಳು ಎಂದು ಕರೆದ ರೂಢಿ ಸರ್ವನಾಮದಲ್ಲಿ ಉಳಿದಿದೆ, ‘ಹೂ’ ತನಕ ಹೋಗಲಿಲ್ಲ ಎಂದೆ. 1734ರಿಂದ ಹಡಗಿನ ಸುದ್ದಿ ಪ್ರಕಟಿಸುತ್ತ ಬಂದ ಲಂಡನ್ನಿನ ‘ಲಾಯ್ಡ್ಸ್ ಲಿಸ್ಟ್’ ಕೂಡ 2002ರಲ್ಲಿ ‘ಅವಳು’ ಬಿಟ್ಟು ‘ಅದು’ ಎನ್ನಲು ನಿರ್ಧರಿಸಿತು ಎಂದೂ ಹೇಳಿದೆ. ಅವನಿಗೆ ಈ ಬದಲಾವಣೆ ಒಪ್ಪಿಗೆಯಾಗಲಿಲ್ಲ. ತಾನು ಕೆಲಸಕ್ಕೆ ಸೇರುವ ಹಡಗನ್ನು ಅವಳು ಅಂತಲೇ ಕರೆಯುತ್ತಾನಂತೆ.

ಮೊನ್ನೆ 13ನೇ ನಿಯಮಕ್ಕೆ ಬಂದೆವು. ಇನ್ನೊಂದನ್ನು ಹಿಂದೆ ಹಾಕುವ ಹಡಗು ತಾನೇ ದಾರಿ ಬಿಟ್ಟು ಸಾಗಬೇಕು ಎನ್ನುವ ನಿಯಮ. ಅಲ್ಲಿ ‘ಹೂ’ ಇಲ್ಲ, ‘ವಿಚ್’ ಇಲ್ಲ. ‘ವೆಸಲ್ ಓವರ್‌ಟೇಕಿಂಗ್’, ‘ವೆಸಲ್ ಬೀಯಿಂಗ್ ಓವರ್‌ಟೇಕನ್’ ಎಂದು ನಮ್ಮ ಕೃದಂತದ ಹಾಗೆಯೇ ಇಂಗ್ಲಿಷೂ ಕೆಲಸ ಸಾಗಿಸುತ್ತದೆ, ಹೆಸರಿನ ಹಿಂದೆ ಬರಬೇಕಾದ್ದು ಮುಂದೆ ಬಂದಿದೆ ಅಷ್ಟೆ. ಹುಡುಗರು ಅದನ್ನು ನನಗಿಂತ ಮೊದಲೇ ಗುರುತಿಸಿದರು. ಯಾವುದು ಹಿಂದೆ ಹಾಕಿದ್ದು, ಯಾವುದು ಹಿಂದೆ ಬಿದ್ದದ್ದು ಎಂದು ಕೇಳಿದರೆ ಈ ಸಲ ಎಲ್ಲರ ಉತ್ತರವೂ ಸರಿ.