ಕಲ್ಲಿನ ಜಿರಾಫೆ, ಕಾಗದದ ಕರಡಿ

ಬಂಟ್ವಾಳದಿಂದ ಸಿದ್ಧಕಟ್ಟೆಯ ಹಾದಿಯಾಗಿ ಬಂದರೆ ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಗೆ ಬಂದವರ ಕಣ್ಣು ಸಹಜವಾಗಿಯೇ ಕಂಬಗಳತ್ತ ಏರುತ್ತದೆ. ಆದರೆ ಅಲ್ಲಿಯ ಭೈರಾದೇವಿ ಮಂಟಪದ ಬುಡವನ್ನೂ ಮಕ್ಕಳಿಗೆ ತೋರಿಸಬೇಕು. ಅಲ್ಲಿ ಆಫ್ರಿಕದ ಜಿರಾಫೆಯಿದೆ, ಚೀನಾದ ಡ್ರ್ಯಾಗನ್ನೂ ಇದೆ! ಹಿಂದಿನ ಕಡಲ ವ್ಯಾಪಾರದ ನಂಟಿಗೆ ಇವು ಸಾಕ್ಷಿ ಎನ್ನುತ್ತಾರೆ. ಒಂದು ನಿಜವಾದ ಪ್ರಾಣಿ, ಇನ್ನೊಂದು ಬರಿಯ ಕಲ್ಪನೆ; ಶಿಲ್ಪಿಯ ಉಳಿ ಎರಡಕ್ಕೂ ಜಾಗ ಕೊಟ್ಟಿದೆ.

ಪ್ರಾಣಿಶಾಸ್ತ್ರದ ಚಿತ್ರಕಾರನಿಗೆ ಈ ಸ್ವಾತಂತ್ರ್ಯವಿಲ್ಲ. 1801ರಲ್ಲಿ ಬಂಟ್ವಾಳ, ಮೂಡುಬಿದಿರೆಗಳ ಮೂಲಕ ಹಾದುಹೋದ ವೈದ್ಯ ಫ್ರಾನ್ಸಿಸ್ ಬುಕಾನನ್, ಮುಂದೆ 1804ರಲ್ಲಿ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದ ಪ್ರಾಣಿಸಂಗ್ರಹದ ಹೊಣೆ ಹೊತ್ತ. ಅವನಿಗಾಗಿ ಪ್ರಾಣಿಗಳ ಚಿತ್ರ ಬರೆದವನು ಹಾಲೂದಾರ್ ಎಂಬ ಬಂಗಾಳಿ ಕಲಾವಿದ. ಅವನು ಬರೆದ ಕರಡಿ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂಥ ಚಿತ್ರದಲ್ಲಿ ಕೂದಲು, ಉಗುರು, ಮೂತಿ ಎಲ್ಲವೂ ಕಂಡಂತೆಯೇ ಬರಬೇಕು. ಏಕೆಂದರೆ ಆ ಪ್ರಾಣಿಯನ್ನೇ ನೋಡದ ದೂರದ ವಿದ್ವಾಂಸರು ಚಿತ್ರವನ್ನು ನಂಬಿ ಅದರ ಜಾತಿ ಗುರುತಿಸುತ್ತಿದ್ದರು.

ಮಂಟಪದ ಮುಂದೆ ನಿಂತ ಮಗು ಪೆನ್ಸಿಲ್ ತೆಗೆದರೆ ಹೆತ್ತವರು ಅವಸರಪಡಿಸಬಾರದು. ಕತ್ತು ಎಷ್ಟು ಉದ್ದ, ಕಾಲು ಎಲ್ಲಿ ಮಡಿಯುತ್ತದೆ ಎಂದು ನೋಡಿ ನೋಡಿ ಬರೆಯಲಿ. ಈ ವಿದ್ಯೆಯಲ್ಲಿ ಕೈಗಿಂತ ಮೊದಲು ಪಳಗಬೇಕಾದದ್ದು ಕಣ್ಣು.